ಅರಸೀಕೆರೆಯಲ್ಲಿ ಕೂತು ಚೆಸ್ ಕಲಿಯುವುದು

ಚೆಸ್ ಕಲಿಸುವ ಆನ್‌ಲೈನ್ ವೇದಿಕೆ ಮೂರು ಕೆಲಸಗಳನ್ನು ಒಂದೇ ಕಡೆ ಮಾಡುತ್ತದೆ. ಕಾಯಿಗಳ ನಡೆಯಿಂದ ಶುರುಮಾಡಿ ಪಾಠ ಹೇಳುತ್ತದೆ. ಕಲಿಯುವವರ ಮಟ್ಟಕ್ಕೆ ಹೊಂದುವ ಎದುರಾಳಿಯನ್ನು ಹುಡುಕಿ ಆಟಕ್ಕೆ ಕೂರಿಸುತ್ತದೆ. ಆಟ ಮುಗಿದ ಮೇಲೆ ಎಲ್ಲಿ ಎಡವಿದ್ದೆಂದು ಒಂದೊಂದೇ ನಡೆ ಹಿಡಿದು ತೋರಿಸುತ್ತದೆ. ಮೊದಲು ಇವು ಬೇರೆ ಬೇರೆ ಕಡೆ ಸಿಗುತ್ತಿದ್ದವು. ಪಾಠಕ್ಕೆ ಪುಸ್ತಕ ಅಥವಾ ಗುರು, ಆಟಕ್ಕೆ ಗೆಳೆಯರು, ತಪ್ಪು ತಿದ್ದಲು ತನಗಿಂತ ಬಲ್ಲ ಆಟಗಾರ. ಈಗ ಮೂರೂ ಒಂದು ಮೊಬೈಲ್‌ನಲ್ಲಿವೆ. ಈ ಸಾಲಿಗೆ ಇತ್ತೀಚೆಗೆ ಸೇರಿದ ದೊಡ್ಡ ಹೆಸರು ಡುಯೊಲಿಂಗೊ. ಭಾಷೆ ಕಲಿಸುವ ಆ್ಯಪ್ ಎಂದೇ ಪ್ರಸಿದ್ಧವಾಗಿದ್ದ ಅದು 2025ರ ಏಪ್ರಿಲ್‌ನಲ್ಲಿ ಚೆಸ್ ಪಾಠಗಳನ್ನು ಪ್ರಕಟಿಸಿತು. ಮೊದಲು ಬಂದದ್ದು ಐಫೋನ್‌ಗೆ, ಅದೂ ಇಂಗ್ಲಿಷಿನಲ್ಲಿ. ಚೆಸ್ ಗಂಧಗಾಳಿ ಇಲ್ಲದವರಿಗೂ ಪುಟ್ಟ ಪುಟ್ಟ ತುಣುಕುಗಳಲ್ಲಿ ಕಲಿಸುವುದು ಅದರ ಉದ್ದೇಶ. ಅದಕ್ಕೂ ಮೊದಲೇ ಚೆಸ್.ಕಾಮ್, ಲಿಚೆಸ್, ಚೆಸೆಬಲ್ ಎಂಬ ವೇದಿಕೆಗಳು ಬೇರೂರಿದ್ದವು.

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡಿನಂಥ ಊರುಗಳಿಗೆ ಇದರಿಂದ ಬಂದ ಬದಲಾವಣೆ ಬೆಂಗಳೂರಿಗೆ ಬಂದದ್ದಕ್ಕಿಂತ ದೊಡ್ಡದು. ಅರಸೀಕೆರೆ ರೈಲ್ವೆ ಜಂಕ್ಷನ್. ಸುತ್ತ ತೆಂಗಿನ ತೋಟ, ಪೇಟೆಯಲ್ಲಿ ಕೊಬ್ಬರಿ ವಹಿವಾಟು. ಬೇಲೂರು ತಾಲ್ಲೂಕಿನ ಅರೇಹಳ್ಳಿ, ಬಿಕ್ಕೋಡು ಕಡೆಗೆ ಹೋದರೆ ಕಾಫಿ ತೋಟಗಳು, ಒಂದಕ್ಕೊಂದು ದೂರದ ಮನೆಗಳು. ಇಂಥ ಕಡೆ ಚೆಸ್ ಬೋರ್ಡ್ ಸಿಗುವುದು ಕಷ್ಟವಲ್ಲ, ನಿಯಮ ಹೇಳಿಕೊಡುವ ಮೇಷ್ಟ್ರೋ ಮಾವನೋ ಸಿಗುವುದೂ ಕಷ್ಟವಲ್ಲ. ಕಷ್ಟವಿದ್ದದ್ದು ಎದುರಾಳಿಯದು. ಚುರುಕಾದ ಮಗು ಆರು ತಿಂಗಳಲ್ಲಿ ಅಪ್ಪನನ್ನು, ಚಿಕ್ಕಪ್ಪನನ್ನು, ಪಕ್ಕದ ಮನೆಯವರನ್ನು ಸೋಲಿಸಿಬಿಡುತ್ತದೆ. ಅಲ್ಲಿಗೆ ಕಲಿಕೆ ನಿಲ್ಲುತ್ತದೆ. ಈ ಆಟದಲ್ಲಿ ಬೆಳೆಯಲು ತನಗಿಂತ ಸ್ವಲ್ಪ ಗಟ್ಟಿಯಾದವರೊಡನೆ ಮತ್ತೆ ಮತ್ತೆ ಆಡಬೇಕು. ತೀರಾ ಗಟ್ಟಿಯಾದವರ ಎದುರು ಏನೂ ಅರ್ಥವಾಗುವುದಿಲ್ಲ. ಹಗುರಾದವರ ಎದುರು ಏನೂ ಕಲಿಯಲಾಗುವುದಿಲ್ಲ. ಆ ಹದದ ಎದುರಾಳಿ ಒಂದೇ ಊರಿನಲ್ಲಿ ಹತ್ತಾರು ಮಂದಿ ಇರುವುದು ನಗರಗಳಲ್ಲಿ ಮಾತ್ರ. ವೇದಿಕೆ ಮೊದಲು ನೀಗಿಸಿದ್ದು ಈ ಕೊರತೆಯನ್ನು.

ಆಟವೇನೂ ಈ ನೆಲಕ್ಕೆ ಹೊಸತಲ್ಲ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಅದನ್ನು ಮಾಡಿಸಿದ ವಿಷ್ಣುವರ್ಧನ ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, ಆಳುತ್ತಿದ್ದಾಗ ಹೊಯ್ಸಳರು ಹೆಸರಿಗೆ ಕಲ್ಯಾಣ ಚಾಲುಕ್ಯರ ಸಾಮಂತರು. ಆ ಚಾಲುಕ್ಯ ಸಿಂಹಾಸನದಲ್ಲಿ 1126ರಿಂದ 1138ರವರೆಗೆ ಕೂತಿದ್ದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ಭಾಗದಲ್ಲಿ ಚದುರಂಗಕ್ಕೂ ಜಾಗ ಕೊಟ್ಟಿದ್ದಾನೆ. ಕಾಯಿಗಳ ನಡೆಯಷ್ಟೇ ಅಲ್ಲ, ಕುದುರೆಯೊಂದನ್ನೇ ಮನೆಯಿಂದ ಮನೆಗೆ ನೆಗೆಸುತ್ತಾ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಸುವ ಕೌಶಲವೂ ಅದರಲ್ಲಿದೆ. ಅಂದರೆ ಬೇಲೂರಿನ ಶಿಲ್ಪಿಗಳ ಉಳಿ ಇನ್ನೂ ಬಿಸಿಯಾಗಿದ್ದ ಕಾಲಕ್ಕೇ ಕನ್ನಡ ನಾಡಿನ ಅರಸನೊಬ್ಬ ಚದುರಂಗದ ಬಗ್ಗೆ ಕ್ರಮವಾಗಿ ಬರೆಯುತ್ತಿದ್ದ.

ಈ ಕುದುರೆಯ ನಡೆಯನ್ನು ಏಳು ಶತಮಾನಗಳ ನಂತರ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮುಂದಕ್ಕೆ ಒಯ್ದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು, ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಬೋರ್ಡ್ ಆಟಗಳ ಚಿತ್ರಗಳಿವೆ. ಒಡೆಯರಿಗೆ ಕುದುರೆ ಎಲ್ಲ ಮನೆಗಳನ್ನೂ ಸುತ್ತಿ ಬಂದರಷ್ಟೇ ಸಾಲದಾಗಿತ್ತು. ಕುದುರೆ ಮೊದಲು ನಿಂತ ಮನೆಗೆ 1, ಮುಂದಿನದಕ್ಕೆ 2, ಹೀಗೆ 64ರವರೆಗೆ ಅಂಕೆ ಬರೆಯುತ್ತಾ ಹೋದರೆ ಪ್ರತಿ ಅಡ್ಡಸಾಲೂ ಪ್ರತಿ ಉದ್ದಸಾಲೂ ಕೂಡಿದಾಗ 260 ಬರಬೇಕು. ಒಂದರಿಂದ 64ರವರೆಗಿನ ಅಂಕೆಗಳ ಒಟ್ಟು ಮೊತ್ತ 2080. ಅದನ್ನು ಎಂಟು ಸಾಲಿಗೆ ಹಂಚಿದರೆ 260. ಇಂಥ ನಡೆಯನ್ನು ಅವರು ರಚಿಸಿದರು. ಅಡ್ಡ, ಉದ್ದದ ಜೊತೆಗೆ ಎರಡೂ ಕರ್ಣಗಳಲ್ಲೂ 260 ಬರಿಸುವುದು ಎಂಟು ಮನೆಯ ಬೋರ್ಡಿನಲ್ಲಿ ಅಸಾಧ್ಯವೆಂದು ಕಂಪ್ಯೂಟರ್‌ಗಳು ಎಣಿಸಿ ತೋರಿಸಿದ್ದು 2003ರಲ್ಲಿ. ಅರಮನೆಯಲ್ಲಿ ಕೂತು ಕೈಯಿಂದ ಲೆಕ್ಕ ಹಾಕಿದ ಅರಸರು ಸಾಧ್ಯವಿರುವುದರ ಅಂಚಿನವರೆಗೂ ಹೋಗಿದ್ದರು.

ಇವತ್ತಿನ ವೇದಿಕೆಯ ಮೊದಲ ಪಾಠಗಳಲ್ಲಿ ಇದೇ ಸಾಧನೆಯ ಎಳೆಯ ರೂಪ ಕಾಣುತ್ತದೆ. ಲಿಚೆಸ್‌ನ ಕಲಿಕೆ ವಿಭಾಗದಲ್ಲಿ ಬೋರ್ಡಿನ ಮೇಲೆ ಒಂದು ಕುದುರೆ, ಅಲ್ಲಲ್ಲಿ ಕೆಲವು ನಕ್ಷತ್ರಗಳು. ಆದಷ್ಟು ಕಡಿಮೆ ನಡೆಗಳಲ್ಲಿ ಎಲ್ಲ ನಕ್ಷತ್ರಗಳನ್ನೂ ಆರಿಸಿಕೊಳ್ಳಬೇಕು. ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ ಎಂಬ ನಿಯಮ ಬಾಯಿಪಾಠವಾದ ಮಗುವೂ ಇಲ್ಲಿ ತಡವರಿಸುತ್ತದೆ. ಪಕ್ಕದ ಮನೆಯಲ್ಲೇ ಇರುವ ನಕ್ಷತ್ರಕ್ಕೆ ಕುದುರೆ ಹೋಗಲು ಮೂರು ನೆಗೆತ ಬೇಕು. ಕುದುರೆ ಪ್ರತಿ ನೆಗೆತಕ್ಕೂ ಕಪ್ಪಿನಿಂದ ಬಿಳಿಗೆ, ಬಿಳಿಯಿಂದ ಕಪ್ಪಿಗೆ ಬದಲಾಗುತ್ತದೆ. ಇದನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಹತ್ತು ಸಲ ತಪ್ಪಿ ಹನ್ನೊಂದನೆಯ ಸಲಕ್ಕೆ ಕಣ್ಣಿಗೆ ತಾನಾಗಿ ಹೊಳೆಯುತ್ತದೆ. ತಪ್ಪಿದಾಗ ಬೈಯುವವರಿಲ್ಲ, ಬೇಸರಪಡುವವರಿಲ್ಲ. ಮೊದಮೊದಲ ಕಲಿಕೆಗೆ ಯಂತ್ರ ಒದಗಿಸುವ ದೊಡ್ಡ ಅನುಕೂಲ ಈ ತಾಳ್ಮೆ.

ಹಿರಿಯರಿಂದ ಕಲಿತು ಬಂದವರು ವೇದಿಕೆಗೆ ಬಂದಾಗ ಒಂದು ತೊಡಕು ಎದುರಾಗುತ್ತದೆ. ನಮ್ಮಲ್ಲಿ ಬಳಕೆಯಲ್ಲಿದ್ದ ಹಳೆಯ ಚದುರಂಗದ ನಿಯಮಗಳು ಬೇರೆ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದಿಡುತ್ತಿತ್ತು, ರಾಜನಿಗೆ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ನೆಗೆಯುವ ಅವಕಾಶವಿತ್ತು, ಕ್ಯಾಸ್ಲಿಂಗ್ ಇರಲಿಲ್ಲ. ಅಜ್ಜನ ಜೊತೆ ಆ ಆಟವಾಡಿದ ಮಗು ಆನ್‌ಲೈನಿನಲ್ಲಿ ಎದುರಾಳಿಯ ರಾಜ ಎರಡು ಮನೆ ಸರಿದು ಆನೆ ಅವನನ್ನು ದಾಟಿ ಕೂತದ್ದನ್ನು ನೋಡಿ ಮೋಸವೆಂದುಕೊಂಡರೆ ಅಚ್ಚರಿಯಿಲ್ಲ. ಎಲ್ಲ ವೇದಿಕೆಗಳೂ ಅನುಸರಿಸುವುದು ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆಯ ನಿಯಮಗಳನ್ನು. ಮೊದಲ ವಾರವೇ ಕ್ಯಾಸ್ಲಿಂಗ್, ಕಾಲಾಳಿನ ಎರಡು ಮನೆಯ ಜಿಗಿತ, ಆ ಜಿಗಿತಕ್ಕೆ ಉತ್ತರವಾಗಿ ಬರುವ ಆನ್‌ಪಾಸಾಂ, ಈ ಮೂರನ್ನು ಸರಿಯಾಗಿ ಕಲಿತುಬಿಟ್ಟರೆ ಗೊಂದಲ ತಪ್ಪುತ್ತದೆ.

ಆನ್‌ಲೈನ್ ಚೆಸ್‌ನ ಇತಿಹಾಸ ಚಿಕ್ಕದು. ಇಂಟರ್‌ನೆಟ್ ಚೆಸ್ ಸರ್ವರ್ ಎಂಬುದು 1992ರಲ್ಲಿ ಶುರುವಾಯಿತು. ಆಗ ಬೋರ್ಡಿನ ಚಿತ್ರವನ್ನೂ ಅಕ್ಷರಗಳಿಂದಲೇ ಕಟ್ಟಿಕೊಳ್ಳಬೇಕಿತ್ತು. 1995ರಲ್ಲಿ ಅದು ಹಣ ಕೊಟ್ಟು ಸೇರುವ ಕ್ಲಬ್ ಆಯಿತು. ಎರಿಕ್ ಆಲೆಬೆಸ್ಟ್ ಮತ್ತು ಜೇ ಸೆವರ್ಸನ್ ಅಮೆರಿಕದಲ್ಲಿ ಕಟ್ಟಿದ ಚೆಸ್.ಕಾಮ್ 2007ರಲ್ಲಿ ಬಂತು. ಅದರ ಸದಸ್ಯರ ಸಂಖ್ಯೆ 2022ರ ಡಿಸೆಂಬರ್‌ನಲ್ಲಿ 10 ಕೋಟಿ ದಾಟಿತು. ಫ್ರಾನ್ಸ್‌ನ ತಿಬೊ ಡುಪ್ಲೆಸಿ 2010ರಲ್ಲಿ ಆರಂಭಿಸಿದ ಲಿಚೆಸ್ ಬೇರೆಯೇ ದಾರಿ ಹಿಡಿಯಿತು. ಅದರಲ್ಲಿ ಜಾಹೀರಾತಿಲ್ಲ, ಶುಲ್ಕವಿಲ್ಲ, ಅದರ ಪ್ರೋಗ್ರಾಂ ಯಾರು ಬೇಕಾದರೂ ತೆರೆದು ನೋಡಬಹುದು, ನಡೆಯುವುದು ದೇಣಿಗೆಯಿಂದ. ಹಾಸನದ ಹಳ್ಳಿಗಳಿಗೆ ಇವು ನಿಜವಾಗಿ ತಲುಪಿದ್ದು 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ದರ ಬಿದ್ದ ಮೇಲೆ. 2020ರಲ್ಲಿ ಕೊರೊನಾ ಶಾಲೆಗಳಿಗೆ ಬೀಗ ಹಾಕಿಸಿ, ಪಾಠಕ್ಕೆಂದು ಮನೆಮನೆಗೆ ಸ್ಮಾರ್ಟ್‌ಫೋನ್ ತರಿಸಿತು.

ಅದೇ ವರ್ಷ ಭಾರತಕ್ಕೆ ಮೊದಲ ಒಲಿಂಪಿಯಾಡ್ ಚಿನ್ನವೂ ಆನ್‌ಲೈನಿನಲ್ಲೇ ಬಂತು. ಫಿಡೆ ನಡೆಸಿದ ಆನ್‌ಲೈನ್ ಒಲಿಂಪಿಯಾಡ್‌ನ ಫೈನಲ್ ಆಗಸ್ಟ್ 30ರಂದು ಭಾರತ ಮತ್ತು ರಷ್ಯಾ ನಡುವೆ ಇತ್ತು. ಮೊದಲ ಸುತ್ತು 3–3. ಎರಡನೆಯ ಸುತ್ತಿನಲ್ಲಿ ನಿಹಾಲ್ ಸರೀನ್ ಮತ್ತು ದಿವ್ಯಾ ದೇಶ್‌ಮುಖ್ ಆಡುತ್ತಿದ್ದಾಗಲೇ ಸಂಪರ್ಕ ಕಡಿದುಹೋಗಿ ಅವರ ಗಡಿಯಾರ ಮುಗಿಯಿತು. ಅಂತರ್ಜಾಲ ಸೇವೆಯಲ್ಲಿ ಜಗತ್ತಿನ ಹಲವೆಡೆ ಅಂದು ತೊಂದರೆಯಾಗಿತ್ತು. ಭಾರತ ಮೇಲ್ಮನವಿ ಸಲ್ಲಿಸಿತು. ಕಡೆಗೆ ಎರಡೂ ದೇಶಗಳನ್ನು ಜಂಟಿ ವಿಜೇತರೆಂದು ಘೋಷಿಸಲಾಯಿತು. ಗಡಿಯಾರ ಓಡುತ್ತಿರುವಾಗ ಸಿಗ್ನಲ್ ಹೋದರೆ ಏನಾಗುತ್ತದೆಂಬುದು ಅರೇಹಳ್ಳಿ ಕಡೆಯ ಮಗುವಿಗೆ ಮಳೆಗಾಲದಲ್ಲಿ ದಿನವೂ ಗೊತ್ತಾಗುವ ವಿಷಯ. ವಿಶ್ವಮಟ್ಟದ ಫೈನಲ್‌ಗೂ ಅದು ತಪ್ಪಲಿಲ್ಲ. ಸಮಾಧಾನದ ಸಂಗತಿಯೆಂದರೆ ಚೆಸ್ ಆಟಕ್ಕೆ ಬೇಕಾಗುವ ಡೇಟಾ ತೀರಾ ಕಡಿಮೆ. ಒಂದು ನಡೆಯೆಂದರೆ ಕಾಯಿ ಯಾವ ಮನೆಯಿಂದ ಯಾವ ಮನೆಗೆ ಹೋಯಿತೆಂಬ ನಾಲ್ಕು ಅಕ್ಷರದ ಸುದ್ದಿ, ಅಷ್ಟೇ. ಡೇಟಾ ನುಂಗುವುದು ವಿಡಿಯೊ ಪಾಠಗಳು. ಸಿಗ್ನಲ್ ಬಡವಾಗಿರುವ ಕಡೆ ಆಟ ಮತ್ತು ಪಜಲ್‌ಗಳನ್ನು ಆನ್‌ಲೈನಿನಲ್ಲಿ ಇಟ್ಟುಕೊಂಡು, ಪಾಠವನ್ನು ಪುಸ್ತಕದಿಂದಲೋ ಡೌನ್‌ಲೋಡ್ ಮಾಡಿದ ವಿಡಿಯೊದಿಂದಲೋ ಕಲಿಯುವುದು ಜಾಣತನ.

ವೇದಿಕೆ ಕಲಿಸುವ ಬಗೆಯ ತಿರುಳು ಪಜಲ್‌ನಲ್ಲಿದೆ. ಒಂದು ಉದಾಹರಣೆಯನ್ನು ಬೋರ್ಡಿನಲ್ಲೇ ಜೋಡಿಸಿ ನೋಡಬಹುದು. ಕಪ್ಪು ರಾಜ ಜಿ8ರಲ್ಲಿದ್ದಾನೆ. ಅವನ ಮುಂದೆ ಎಫ್7, ಜಿ7, ಎಚ್7ರಲ್ಲಿ ಮೂರು ಕಾಲಾಳುಗಳು. ಕಪ್ಪು ಆನೆಯೊಂದು ಎ8ರ ಮೂಲೆಯಲ್ಲಿ ಕೊನೆಯ ಸಾಲನ್ನು ಕಾಯುತ್ತಿದೆ. ಬಿಳಿಯ ಮಂತ್ರಿ ಡಿ2ರಲ್ಲಿ, ಅದರ ಹಿಂದೆ ಡಿ1ರಲ್ಲಿ ಆನೆ. ಡಿ ಸಾಲಿನ ಉಳಿದ ಮನೆಗಳೆಲ್ಲ ಖಾಲಿ. ಹೊಸಬರು ಮಂತ್ರಿಯನ್ನು ಕಾಪಾಡಿಕೊಳ್ಳುವ ನಡೆ ಹುಡುಕುತ್ತಾರೆ. ಉತ್ತರ ಅದಕ್ಕೆ ತದ್ವಿರುದ್ಧ. ಮಂತ್ರಿಯನ್ನು ನೇರ ಡಿ8ಕ್ಕೆ ಕಳುಹಿಸಿ ಚೆಕ್ ಕೊಡಬೇಕು. ಕಪ್ಪು ಆನೆ ಅದನ್ನು ಹೊಡೆಯದೆ ವಿಧಿಯಿಲ್ಲ. ಆಗ ಬಿಳಿಯ ಆನೆ ಡಿ8ರಲ್ಲಿ ಆ ಆನೆಯನ್ನು ಹೊಡೆಯುತ್ತದೆ. ರಾಜನಿಗೆ ಪಕ್ಕದಲ್ಲೂ ದಾರಿಯಿಲ್ಲ, ಮುಂದೆ ತನ್ನದೇ ಕಾಲಾಳುಗಳ ಗೋಡೆ. ಆಟ ಮುಗಿಯಿತು; ಇದೇ ಕೊನೆಯ ಸಾಲಿನ ಮೇಟ್. ಒಂಬತ್ತು ಅಂಕದ ಕಾಯಿಯನ್ನು ಬಲಿಕೊಟ್ಟು ಗೆಲ್ಲಬಹುದೆಂಬುದು ಮೊದಲ ಸಲ ಕಂಡಾಗ ಮಗುವಿನ ಮುಖ ಅರಳುವುದನ್ನು ಚೆಸ್ ಕಲಿಸಿದ ಯಾರನ್ನಾದರೂ ಕೇಳಬಹುದು.

ಈ ಮಾದರಿ ಒಂದು ಸಲ ಕಂಡರೆ ಸಾಲದು; ಬೇರೆ ಬೇರೆ ವೇಷದಲ್ಲಿ ಐವತ್ತು ಸಲ ಕಾಣಬೇಕು. ಇದರ ಹಿಂದೆ ಗಟ್ಟಿ ಸಂಶೋಧನೆಯಿದೆ. ನೆದರ್‌ಲ್ಯಾಂಡ್ಸ್‌ನ ಅಡ್ರಿಯಾನ್ ಡಿ ಗ್ರೂಟ್ 1946ರಲ್ಲಿ, ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಚೆಸ್ ಆಟಗಾರರ ಮನಸ್ಸನ್ನು ಪರೀಕ್ಷಿಸಿದರು. ನಿಜವಾದ ಆಟದ ಸ್ಥಿತಿಯೊಂದನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ ಪಳಗಿದ ಆಟಗಾರರು ಹೆಚ್ಚಿನ ಕಾಯಿಗಳನ್ನು ಸರಿಯಾದ ಮನೆಯಲ್ಲೇ ಇಡುತ್ತಿದ್ದರು, ಹೊಸಬರಿಗೆ ಕೆಲವೇ ಕಾಯಿಗಳು ನೆನಪಿರುತ್ತಿದ್ದವು. ಅದೇ ಕಾಯಿಗಳನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿ ತೋರಿಸಿದಾಗ ಇಬ್ಬರ ನಡುವಿನ ಅಂತರ ಬಹುಮಟ್ಟಿಗೆ ಮಾಯವಾಗುತ್ತಿತ್ತು. ಪಳಗಿದವರ ನೆನಪಿನ ಶಕ್ತಿ ಹೆಚ್ಚಿನದಲ್ಲ. ಅವರ ಕಣ್ಣಿಗೆ ಕಾಯಿಗಳು ಗುಂಪು ಗುಂಪಾಗಿ, ಅರ್ಥವಿರುವ ಚಿತ್ರಗಳಾಗಿ ಕಾಣುತ್ತವೆ. ಹೊಸಬರು ಅಕ್ಷರ ಕೂಡಿಸಿ ಓದುವ ಮಕ್ಕಳ ಹಾಗೆ ಒಂದೊಂದೇ ಕಾಯಿ ನೋಡುತ್ತಾರೆ. ಆ ಚಿತ್ರಗಳನ್ನು ತುಂಬಿಕೊಳ್ಳಲು ಪಜಲ್‌ಗಿಂತ ಹತ್ತಿರದ ದಾರಿಯಿಲ್ಲ. ಲಿಚೆಸ್ ತನ್ನಲ್ಲಿ ನಡೆದ ಆಟಗಳಿಂದ ಹೆಕ್ಕಿ ಇಟ್ಟಿರುವ ಪಜಲ್‌ಗಳು ಮೂವತ್ತು ಲಕ್ಷಕ್ಕೂ ಮೀರಿವೆ, ಅಷ್ಟೂ ಉಚಿತ. ಪುಸ್ತಕದ ಕಾಲದಲ್ಲಿ ತಾಲ್ಲೂಕು ಕೇಂದ್ರದ ಹುಡುಗನೊಬ್ಬನಿಗೆ ಮುನ್ನೂರು ಪಜಲ್ ಸಿಕ್ಕಿದ್ದರೂ ಅದೇ ಪುಣ್ಯ.

ಕಲಿತದ್ದು ಮರೆಯದಂತೆ ನೋಡಿಕೊಳ್ಳುವುದು ಇನ್ನೊಂದು ವಿದ್ಯೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಮೊದಲ ದಿನಗಳಲ್ಲೇ ಎಷ್ಟು ಬೇಗ ಜಾರುತ್ತದೆಂದು ತೋರಿಸಿದ. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೊಮ್ಮೆ ಕೇಳಿದರೆ, ಆಮೇಲೆ ಇನ್ನೂ ದೊಡ್ಡ ಅಂತರದಲ್ಲಿ ಮತ್ತೊಮ್ಮೆ ಕೇಳಿದರೆ ಅದು ಉಳಿಯುತ್ತದೆ. ಚೆಸೆಬಲ್ ಕಟ್ಟಿರುವುದು ಪೂರ್ತಿ ಈ ತತ್ತ್ವದ ಮೇಲೆ. ಒಂದು ಆರಂಭದ ನಡೆಸಾಲನ್ನು ಇಂದು ಕಲಿತರೆ ಅದು ಕೆಲವು ಗಂಟೆಯ ನಂತರ, ಮರುದಿನ, ವಾರದ ನಂತರ ತಾನಾಗಿ ಪ್ರಶ್ನೆಯಾಗಿ ಮರಳಿ ಬರುತ್ತದೆ. ತಪ್ಪಿದರೆ ಮತ್ತೆ ಮೊದಲಿಂದ. ಆದರೆ ಆರಂಭಿಕರು ಇದಕ್ಕೆ ಆತುರಪಡಬೇಕಿಲ್ಲ. ಇಬ್ಬರೂ ಒಂದೊಂದು ನಡೆ ಆಡುವ ಹೊತ್ತಿಗೇ 400 ಬೇರೆ ಬೇರೆ ಸ್ಥಿತಿಗಳು ಸಾಧ್ಯ. ಹೊಸಬರ ಆಟಗಳು ಐದನೆಯ ನಡೆಗೇ ಪುಸ್ತಕದ ದಾರಿ ಬಿಟ್ಟು ಹೋಗುತ್ತವೆ. ನಡೆಸಾಲುಗಳನ್ನು ಉರುಹೊಡೆಯುವುದಕ್ಕಿಂತ ಕಾಯಿ ಪುಕ್ಕಟೆ ಕಳೆದುಕೊಳ್ಳದಿರುವುದನ್ನು ಕಲಿತರೆ ಮೊದಲ ವರ್ಷದಲ್ಲಿ ಹೆಚ್ಚು ಗೆಲುವು.

ಎದುರಾಳಿಯನ್ನು ಹುಡುಕಿಕೊಡುವ ಕೆಲಸ ರೇಟಿಂಗ್‌ನದು. ಅರ್ಪಾದ್ ಎಲೊ ರೂಪಿಸಿದ ಲೆಕ್ಕವನ್ನು ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಗಟ್ಟಿ ಆಟಗಾರನನ್ನು ಸೋಲಿಸಿದರೆ ಹೆಚ್ಚು ಅಂಕ, ಹಗುರಾದವನನ್ನು ಸೋಲಿಸಿದರೆ ಅಲ್ಪ. ಆನ್‌ಲೈನ್ ವೇದಿಕೆಗಳಲ್ಲಿ ಇರುವುದು ಮಾರ್ಕ್ ಗ್ಲಿಕ್‌ಮನ್ ಬೆಳೆಸಿದ ಗ್ಲಿಕೊ ಪದ್ಧತಿ. ಅದು ಅಂಕದ ಜೊತೆಗೆ ಆ ಅಂಕವನ್ನು ಎಷ್ಟು ನಂಬಬಹುದೆಂಬುದನ್ನೂ ಲೆಕ್ಕ ಇಡುತ್ತದೆ. ಲಿಚೆಸ್‌ನಲ್ಲಿ ಹೊಸ ಖಾತೆ 1500ರಿಂದ ಶುರುವಾಗುತ್ತದೆ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಮೊದಲ ಹತ್ತು ಆಟಗಳಲ್ಲಿ ಅಂಕ 900ಕ್ಕೋ 1000ಕ್ಕೋ ಕುಸಿದರೆ ಮನೆಯವರು ಗಾಬರಿಯಾಗುವುದುಂಟು. ಅದು ಕುಸಿತವಲ್ಲ, ಯಂತ್ರ ಮಗುವಿನ ನಿಜವಾದ ಮಟ್ಟ ಹುಡುಕುತ್ತಿರುವುದು. ಅಂಕ ಒಂದು ಕಡೆ ನಿಂತ ಮೇಲೆ ಅರ್ಧದಷ್ಟು ಆಟ ಗೆಲ್ಲುತ್ತಾ ಅರ್ಧದಷ್ಟು ಸೋಲುತ್ತಾ ಹೋಗುವ ಎದುರಾಳಿಗಳೇ ಸಿಗುತ್ತಾರೆ. ಅರಸೀಕೆರೆಗೆ ಬೇಕಾಗಿದ್ದದ್ದು ಇದೇ. ಒಂದು ಎಚ್ಚರಿಕೆ ಮಾತ್ರ ಬೇಕು: ಚೆಸ್.ಕಾಮ್‌ನ ಅಂಕ, ಲಿಚೆಸ್‌ನ ಅಂಕ, ಫಿಡೆಯ ಅಂಕ ಮೂರೂ ಬೇರೆ ಬೇರೆ ಅಳತೆಗಳು, ಒಂದನ್ನು ಇನ್ನೊಂದಕ್ಕೆ ಹೋಲಿಸಿ ಹಿಗ್ಗುವುದೂ ಕುಗ್ಗುವುದೂ ವ್ಯರ್ಥ.

ಆಟ ಮುಗಿದ ಮೇಲೆ ವಿಮರ್ಶೆ ಮಾಡುವುದು ಎಂಜಿನ್. 2008ರಲ್ಲಿ ಹುಟ್ಟಿದ ಸ್ಟಾಕ್‌ಫಿಶ್ ಎಂಬ ಉಚಿತ ಪ್ರೋಗ್ರಾಂ ಇಂದು ಜಗತ್ತಿನ ಯಾವ ಆಟಗಾರನಿಗಿಂತಲೂ ಬಲು ಮುಂದಿದೆ. ಅದು ಪ್ರತಿ ಸ್ಥಿತಿಗೂ ಒಂದು ಅಂಕೆ ಕೊಡುತ್ತದೆ. ಬಿಳಿಯ ಕಡೆ 3 ಎಂದರೆ ಮೂರು ಕಾಲಾಳುಗಳಷ್ಟು ಮೇಲುಗೈ. ನಿಮ್ಮ ನಡೆಯಿಂದ ಆ ಅಂಕೆ ದಡಕ್ಕನೆ ಬಿದ್ದರೆ ಎರಡು ಪ್ರಶ್ನಾರ್ಥಕ ಚಿಹ್ನೆ ಮೂಡುತ್ತದೆ: ಬ್ಲಂಡರ್. ಹಿಂದೆ ಇಂಥದೊಂದು ವಿಮರ್ಶೆಗೆ ಮೈಸೂರಿಗೋ ಬೆಂಗಳೂರಿಗೋ ಹೋಗಿ ದೊಡ್ಡ ಆಟಗಾರರ ಮುಂದೆ ಕೂರಬೇಕಿತ್ತು. ಆದರೆ ಇಲ್ಲೇ ಒಂದು ದೊಡ್ಡ ಕೊರತೆಯೂ ಇದೆ. ಎಂಜಿನ್ ತಪ್ಪನ್ನು ತೋರಿಸುತ್ತದೆ, ತಪ್ಪಿನ ಕಾರಣವನ್ನು ಹೇಳುವುದಿಲ್ಲ. ಆತುರದಿಂದಾದದ್ದೋ, ಎದುರಾಳಿಯ ಒಂಟೆ ಕಣ್ಣಿಗೆ ಬೀಳದೇ ಆದದ್ದೋ, ಯೋಜನೆಯೇ ತಪ್ಪಾಗಿದ್ದೋ ಅದಕ್ಕೆ ಗೊತ್ತಿಲ್ಲ. ಹದಿನೈದು ನಡೆ ಮುಂದೆ ನೋಡಿ ಅದು ಸೂಚಿಸುವ ಉತ್ತಮ ನಡೆ ಹತ್ತು ವರ್ಷದ ಮಗುವಿಗೆ ಎಷ್ಟೋ ಸಲ ಉಪಯೋಗಕ್ಕೆ ಬಾರದ್ದು. ಈ ಕೊರತೆ ಅರಿತೇ ಟೊರಾಂಟೊ ವಿಶ್ವವಿದ್ಯಾಲಯ, ಕಾರ್ನೆಲ್ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 2020ರಲ್ಲಿ ಮಾಯಾ ಎಂಬ ಪ್ರೋಗ್ರಾಂ ತಂದರು. ಲಿಚೆಸ್‌ನ ಕೋಟಿಗಟ್ಟಲೆ ಆಟಗಳಿಂದ ಕಲಿತ ಅದು ಉತ್ತಮ ನಡೆಯನ್ನಲ್ಲ, ಇಂಥ ಮಟ್ಟದ ಮನುಷ್ಯ ಇಲ್ಲಿ ಯಾವ ನಡೆ ಆಡಿಯಾನು ಎಂಬುದನ್ನು ಊಹಿಸುತ್ತದೆ. ಮುಂದೆ ಬರುವ ಕಲಿಕಾ ವೇದಿಕೆಗಳು ಈ ದಾರಿಯಲ್ಲಿ ಸಾಗಿದರೆ ಕಲಿಯುವವರಿಗೆ ಲಾಭ.

ಕಾರಣ ಹೇಳುವ ಮಾತು ಕನ್ನಡದಲ್ಲಿ ಸಿಗುವುದು ಇನ್ನೂ ಅಪರೂಪ. ಲಿಚೆಸ್‌ನ ಭಾಷಾಪಟ್ಟಿಯಲ್ಲಿ ಕನ್ನಡವಿದೆ, ಸ್ವಯಂಸೇವಕರು ಅನುವಾದಿಸಿದ್ದು. ಬಟನ್‌ಗಳೂ ಸೂಚನೆಗಳೂ ಕನ್ನಡದಲ್ಲಿ ಬಂದರೆ ಹಳೇಬೀಡಿನ ಸರ್ಕಾರಿ ಶಾಲೆಯ ಮಗುವಿಗೆ ಮೊದಲ ಹೆಜ್ಜೆ ಸಲೀಸು. ಆದರೆ ಒಳಗಿನ ಪಾಠಗಳು, ಗ್ರ್ಯಾಂಡ್ ಮಾಸ್ಟರ್‌ಗಳ ವಿಡಿಯೊಗಳು, ನೇರ ಕಾಮೆಂಟರಿ ಬಹುಪಾಲು ಇಂಗ್ಲಿಷ್, ಹಿಂದಿಯಲ್ಲಿವೆ. ಕೊನೆಯ ಸಾಲಿನ ಮೇಟ್ ಯಾಕಾಯಿತೆಂದು ಕನ್ನಡದಲ್ಲಿ ಎರಡು ವಾಕ್ಯ ಹೇಳಿದರೆ ಹತ್ತು ನಿಮಿಷದಲ್ಲಿ ತಿಳಿಯುವ ವಿಷಯ, ಅರ್ಥವಾಗದ ವಿಡಿಯೊ ಹತ್ತು ಸಲ ನೋಡಿದರೂ ತಿಳಿಯುವುದಿಲ್ಲ. ಕನ್ನಡ ಬಲ್ಲ ಚೆಸ್ ಶಿಕ್ಷಕರು ಹೆಚ್ಚು ಹೆಚ್ಚು ಪಾಠಗಳನ್ನು ಕನ್ನಡದಲ್ಲಿ ಮಾಡಿ ಹಾಕಬೇಕಾದ ಜರೂರು ಇದೆ.

ಮನುಷ್ಯ ಗುರುವಿನ ಜಾಗವನ್ನು ವೇದಿಕೆ ತೆಗೆದುಕೊಳ್ಳುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಭಾರತದ ಚೆಸ್‌ನಲ್ಲೇ ಇದೆ. ವಿಶ್ವನಾಥನ್ ಆನಂದ್ 2020ರ ಡಿಸೆಂಬರ್‌ನಲ್ಲಿ ವೆಸ್ಟ್‌ಬ್ರಿಜ್ ಸಂಸ್ಥೆಯ ಜೊತೆ ಆರಂಭಿಸಿದ ಅಕಾಡೆಮಿಯ ಮೊದಲ ಶಿಷ್ಯರಲ್ಲಿ ಗುಕೇಶ್, ಪ್ರಜ್ಞಾನಂದ, ನಿಹಾಲ್ ಸರೀನ್ ಇದ್ದರು. ಅವರ ಪಾಠಗಳು ಬಹುಮಟ್ಟಿಗೆ ನಡೆದದ್ದು ಆನ್‌ಲೈನಿನಲ್ಲೇ. ಆದರೆ ಪರದೆಯ ಆಚೆ ಕೂತಿದ್ದವರು ಪಳಗಿದ ಗುರುಗಳು. ಗುಕೇಶ್ 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಡಿಂಗ್ ಲಿರೆನ್‌ರನ್ನು ಸೋಲಿಸಿ 18ನೆಯ ವಯಸ್ಸಿಗೇ ವಿಶ್ವ ಚಾಂಪಿಯನ್ ಆದರು. ಕರ್ನಾಟಕದ ಮೊದಲ ಗ್ರ್ಯಾಂಡ್ ಮಾಸ್ಟರ್ ಮೈಸೂರಿನ ಎಂ.ಎಸ್. ತೇಜ್‌ಕುಮಾರ್; ಆ ಪದವಿ ಅವರಿಗೆ ಸಿಕ್ಕಿದ್ದು 2017ರಲ್ಲಿ. ಆನಂದ್ ಭಾರತದ ಮೊದಲ ಗ್ರ್ಯಾಂಡ್ ಮಾಸ್ಟರ್ ಆದದ್ದು 1988ರಲ್ಲಿ. ಆ 29 ವರ್ಷಗಳ ಅಂತರ ಕರ್ನಾಟಕದಲ್ಲಿ ಪ್ರತಿಭೆ ಕಡಿಮೆಯಿತ್ತೆಂದು ಹೇಳುವುದಿಲ್ಲ. ಗಟ್ಟಿ ಎದುರಾಳಿ, ಗಟ್ಟಿ ತರಬೇತಿ ಸಿಗುವುದು ಎಷ್ಟು ಕಷ್ಟವಿತ್ತೆಂದು ಹೇಳುತ್ತದೆ. ಮುಂದಿನ ಪೀಳಿಗೆಗೆ ದಾರಿ ಬೇಗ ಸವೆಯಿತು. ಬೆಂಗಳೂರಿನ ಪ್ರಣವ್ ಆನಂದ್ 2022ರ ಸೆಪ್ಟೆಂಬರ್‌ನಲ್ಲಿ ರುಮೇನಿಯಾದಲ್ಲಿ 16 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್ ಗೆದ್ದು, ಅದೇ ತಿಂಗಳು ಗ್ರ್ಯಾಂಡ್ ಮಾಸ್ಟರ್ ಕೂಡ ಆದರು.

ವೇದಿಕೆಗಳ ಒಂದು ಉಪಕಾರದ ಬಗ್ಗೆ ಮಾತು ಕಡಿಮೆ. ಲಿಚೆಸ್‌ನಲ್ಲಿ ಅಂಧರಿಗಾಗಿಯೇ ಒಂದು ಕ್ರಮವಿದೆ. ಸ್ಕ್ರೀನ್ ರೀಡರ್ ನಡೆಗಳನ್ನು ಓದಿ ಹೇಳುತ್ತದೆ, ಆಡುವವರು ನಡೆಯನ್ನು ಟೈಪ್ ಮಾಡುತ್ತಾರೆ. ಶಿವಮೊಗ್ಗದ ಕಿಶನ್ ಗಂಗೊಳ್ಳಿ ಅಂಧರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಹಲವು ಬಾರಿ ಗೆದ್ದವರು. 2018ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಚಿನ್ನ ತಂದವರು. ಅವರಂತಾಗುವ ಆಸೆ ಹೊತ್ತ ಅಂಧ ಮಗು ಯಾವ ಹಳ್ಳಿಯಲ್ಲಿದ್ದರೂ ಈಗ ದೃಷ್ಟಿಯುಳ್ಳವರೊಡನೆ ಸಮಸಮ ಆಡಬಹುದು.

ಪೋಷಕರು ಕಣ್ಣಿಡಬೇಕಾದ ಸಂಗತಿಗಳೂ ಇವೆ. ಚೆಸ್ ಕಲಿತರೆ ಗಣಿತದಲ್ಲಿ ಅಂಕ ಏರುತ್ತದೆಂಬ ಜಾಹೀರಾತನ್ನು ನಂಬಿ ಸಾವಿರಾರು ರೂಪಾಯಿ ಕಟ್ಟುವ ಮೊದಲು, ಇಂಗ್ಲೆಂಡಿನಲ್ಲಿ 100 ಶಾಲೆಗಳಲ್ಲಿ ನಡೆದ ದೊಡ್ಡ ಪ್ರಯೋಗದ 2016ರ ವರದಿಯನ್ನು ನೆನೆಯಬೇಕು. ಒಂದು ವರ್ಷದ ನಂತರ ನೋಡಿದಾಗ ಚೆಸ್ ಕಲಿತ ಮಕ್ಕಳ ಗಣಿತದಲ್ಲಿ ಹೆಚ್ಚುವರಿ ಸುಧಾರಣೆ ಕಾಣಲಿಲ್ಲ. ಚೆಸ್ ಕಲಿಯಲು ಚೆಸ್‌ನ ಸಂತೋಷವೇ ಸಾಕಾದ ಕಾರಣ. ಒಂದು ನಿಮಿಷದ ಬುಲೆಟ್ ಆಟಗಳು ಮಕ್ಕಳನ್ನು ಮೊಬೈಲ್‌ಗೆ ಅಂಟಿಸುತ್ತವೆ, ಯೋಚಿಸುವುದನ್ನು ಕಲಿಸುವುದಿಲ್ಲ. 15 ನಿಮಿಷದ, ನಡೆಗೊಮ್ಮೆ 10 ಸೆಕೆಂಡು ಸೇರುವ ಆಟ ದಿನಕ್ಕೊಂದು, ಅದರ ವಿಮರ್ಶೆಗೆ ಅಷ್ಟೇ ಸಮಯ, ಹತ್ತಿಪ್ಪತ್ತು ಪಜಲ್. ಶಾಲೆಗೆ ಹೋಗುವ ಮಗುವಿಗೆ ಇದು ಧಾರಾಳವಾಯಿತು. ಲಿಚೆಸ್‌ನಲ್ಲಿ ಮಕ್ಕಳ ಕ್ರಮ ಹಾಕಿದರೆ ಅಪರಿಚಿತರ ಜೊತೆಗಿನ ಮಾತುಕತೆ ಪೂರ್ತಿ ಬಂದ್. ಎಂಜಿನ್ ನೋಡಿಕೊಂಡು ಆಡುವುದು ಮೋಸ, ವೇದಿಕೆಗಳು ಅದನ್ನು ಪತ್ತೆಹಚ್ಚಿ ಖಾತೆ ಮುಚ್ಚುತ್ತವೆಂಬುದನ್ನೂ ಮಗುವಿಗೆ ಮೊದಲ ದಿನವೇ ಹೇಳಬೇಕು.

ಮೊಬೈಲ್ ಒಂದರಿಂದಲೇ ಆಟಗಾರ ಆಗುವುದಿಲ್ಲ, ಎದುರಿಗೆ ಮನುಷ್ಯ ಕೂತ ಬೋರ್ಡ್ ಬೇಕು. ಇಲ್ಲಿ ಕರ್ನಾಟಕದ ಹಳ್ಳಿಗಳಿಗೆ ಒಂದು ಒಳ್ಳೆಯ ಆಸರೆಯಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಮಕ್ಕಳನ್ನು ಅಲ್ಲಿಗೆ ಕರೆತಂದಿತು. ಈಗ ಅರಿವು ಕೇಂದ್ರಗಳೆಂದು ಕರೆಸಿಕೊಳ್ಳುವ ಈ ಗ್ರಂಥಾಲಯಗಳಲ್ಲಿ ಪುಸ್ತಕದ ಜೊತೆಗೆ ಚೆಸ್ ಬೋರ್ಡ್‌ಗಳೂ ಬಂದಿವೆ, ಎಷ್ಟೋ ಕಡೆ ಕಂಪ್ಯೂಟರ್ ಕೂಡ ಇದೆ. ಬೋರ್ಡ್, ಇಂಟರ್‌ನೆಟ್, ಸಂಜೆ ಸೇರುವ ಮಕ್ಕಳು ಮೂರೂ ಒಂದೇ ಕೋಣೆಯಲ್ಲಿ ಸಿಗುವುದು ನಗರದ ಎಷ್ಟೋ ಬಡಾವಣೆಗಳಲ್ಲೂ ಇಲ್ಲ. ಗಂಡಸಿ, ಬಾಣಾವರ, ಜಾವಗಲ್‌ನಂಥ ಹೋಬಳಿಗಳಲ್ಲಿ ಚೆಸ್ ಬಲ್ಲ ಒಬ್ಬ ಮೇಷ್ಟ್ರು ವಾರಕ್ಕೆರಡು ಸಂಜೆ ಕೂತರೆ, ಮಕ್ಕಳು ಮೊಬೈಲ್‌ನಲ್ಲಿ ಆಡಿದ ಆಟವನ್ನೇ ಬೋರ್ಡಿನ ಮೇಲೆ ಮತ್ತೆ ಜೋಡಿಸಿ, ಎಂಜಿನ್ ಹೇಳದೆ ಬಿಟ್ಟ ಕಾರಣಗಳನ್ನು ಕನ್ನಡದಲ್ಲಿ ಬಿಡಿಸಿಕೊಡಬಹುದು. ಅದಕ್ಕೆ ಅವರು ಗ್ರ್ಯಾಂಡ್ ಮಾಸ್ಟರ್ ಆಗಿರಬೇಕಿಲ್ಲ, ಮಗುವನ್ನು “ಈ ನಡೆ ಯಾಕೆ ಆಡ್ದೆ?” ಎಂದು ಕೇಳಿ ಉತ್ತರಕ್ಕೆ ಕಾಯುವ ತಾಳ್ಮೆ ಇದ್ದರೆ ಸಾಕು.

ಟೂರ್ನಿಗೆ ಹೋಗುವ ಮೊದಲು ಬೋರ್ಡಿನ ರೂಢಿ ಬೇಕೇ ಬೇಕು. ಪರದೆಯ ಮೇಲೆ ನಿಯಮ ಮೀರಿದ ನಡೆ ಆಡಲು ಯಂತ್ರ ಬಿಡುವುದೇ ಇಲ್ಲ; ಟೂರ್ನಿಯಲ್ಲಿ ಮುಟ್ಟಿದ ಕಾಯಿಯನ್ನು ಆಡಲೇಬೇಕು. ನಿಧಾನಗತಿಯ ಕ್ಲಾಸಿಕಲ್ ಆಟದಲ್ಲಿ ಪ್ರತಿ ನಡೆಯನ್ನೂ ಕೈಯಲ್ಲಿ ಬರೆದುಕೊಳ್ಳಬೇಕು, ನಡೆ ಆದ ಮೇಲೆ ಗಡಿಯಾರವನ್ನು ಅದೇ ಕೈಯಿಂದ ಒತ್ತಬೇಕು. ಮೇಲಿನಿಂದ ಕಾಣುವ ಚಪ್ಪಟೆ ಬೋರ್ಡಿಗೆ ಒಗ್ಗಿದ ಕಣ್ಣಿಗೆ ಎದ್ದು ನಿಂತ ಮರದ ಕಾಯಿಗಳ ಬೋರ್ಡು ಮೊದಲ ದಿನ ಅಪರಿಚಿತವೆನಿಸುತ್ತದೆ. ರೇಟೆಡ್ ಟೂರ್ನಿ ಆಡಲು ಅಖಿಲ ಭಾರತ ಚೆಸ್ ಫೆಡರೇಷನ್‌ನಲ್ಲಿ ನೋಂದಣಿ ಮಾಡಿಸಿ ಫಿಡೆ ಗುರುತಿನ ಸಂಖ್ಯೆ ಪಡೆಯಬೇಕು. ರೇಟಿಂಗ್ ಇರುವ ಆಟಗಾರರ ಎದುರು ಕನಿಷ್ಠ ಐದು ಆಟ ಆಡಿ ಮಟ್ಟ ಮುಟ್ಟಿದವರಿಗೆ ಮೊದಲ ರೇಟಿಂಗ್ ಬರುತ್ತದೆ. 2024ರ ಮಾರ್ಚ್‌ನಿಂದ ಫಿಡೆ ಪಟ್ಟಿಯ ಕೆಳಮಿತಿ 1400. ಇಂಥ ಟೂರ್ನಿಗಳು ನಡೆಯುವುದು ಹೆಚ್ಚಾಗಿ ಬೆಂಗಳೂರು, ಮೈಸೂರು, ಶಿವಮೊಗ್ಗ, ಹುಬ್ಬಳ್ಳಿಯಂಥ ಊರುಗಳಲ್ಲಿ. ಅರಸೀಕೆರೆಯ ಮಕ್ಕಳಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ: ಅವರ ಜಂಕ್ಷನ್‌ನಿಂದ ಈ ನಾಲ್ಕು ಊರುಗಳಿಗೂ ರೈಲಿನ ದಾರಿ ಇದೆ. ಬೇಲೂರು, ಹಳೇಬೀಡಿನವರು ಮೊದಲು ಬಸ್ಸಿನಲ್ಲಿ ಹಾಸನಕ್ಕೋ ಅರಸೀಕೆರೆಗೋ ಬಂದು ರೈಲು ಹಿಡಿಯಬೇಕು.